ಮೊಣಕಾಲ ಕೆಳಗಿನ ಕೃತಕ ಕಾಲು: ಹೆಜ್ಜೆಯ ಸ್ಥಿರತೆ ನೋಡಿ ಪಾದವನ್ನು ಆರಿಸುವುದು ಹೇಗೆ?

ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರು ಮೊದಲ ಸಲ ಕೃತಕ ಕಾಲು ಮಾಡಿಸಲು ಹೋದಾಗ, ಅಥವಾ ಹಳೆಯದು ಸವೆದು ಹೊಸದಕ್ಕೆ ಅಳತೆ ಕೊಡುವಾಗ, ಅವರ ಮುಂದೆ ಸಾಮಾನ್ಯವಾಗಿ ಮೂರು ಹೆಸರುಗಳು ಬರುತ್ತವೆ: ಸ್ಯಾಚ್ ಪಾದ, ಜೈಪುರ ಪಾದ, ಕಾರ್ಬನ್ ಫೈಬರ್ ಪಾದ. ಇವುಗಳ ಬೆಲೆ, ತೂಕ ಮತ್ತು ಬಾಳಿಕೆಯ ಬಗ್ಗೆ ಕೇಳಿದರೆ ಉತ್ತರ ಸಿಗುತ್ತದೆ. ಆದರೆ ಯಾವ ಪಾದ ಹಾಕಿಕೊಂಡರೆ ನಾನು ಕಡಿಮೆ ಎಡವುತ್ತೇನೆ, ಯಾವುದರಲ್ಲಿ ನನ್ನ ಹೆಜ್ಜೆ ಒಂದೇ ತೆರನಾಗಿ ಬೀಳುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರೂ ಕಡಿಮೆ, ಅಳೆದು ಉತ್ತರಿಸುವವರೂ ಕಡಿಮೆ. ಈ ಪ್ರಶ್ನೆ ಸಣ್ಣದಲ್ಲ. ಕಾಲು ಕತ್ತರಿಸಲ್ಪಟ್ಟು ಮನೆಗೆ ಮರಳಿ ಬದುಕುತ್ತಿದ್ದ 435 ಮಂದಿಯನ್ನು ಕೆನಡಾದಲ್ಲಿ ವಿಚಾರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದಿನ 12 ತಿಂಗಳಲ್ಲಿ ಒಮ್ಮೆಯಾದರೂ ಬಿದ್ದವರು ಶೇ. 52.4ರಷ್ಟಿದ್ದರು, ಬೀಳುವ ಭಯ ಇದೆ ಎಂದವರು ಶೇ. 49.2ರಷ್ಟಿದ್ದರು. ಭಯ ಹೊಕ್ಕವರು ನಡೆಯುವುದನ್ನೇ ಕಡಿಮೆ ಮಾಡುತ್ತಾರೆ, ನಡೆಯದೆ ಸೊಂಟದ ಸ್ನಾಯುಗಳು ಸೊರಗುತ್ತವೆ, ಸೊರಗಿದ ಮೇಲೆ ಬೀಳುವ ಸಾಧ್ಯತೆ ಇನ್ನೂ ಹೆಚ್ಚುತ್ತದೆ. ಆದುದರಿಂದ ಈ ಹೋಲಿಕೆಯಲ್ಲಿ ಸ್ಥಿರತೆಯನ್ನೇ ಮೊದಲ ಮಾನದಂಡವಾಗಿ ಇಟ್ಟುಕೊಂಡಿದ್ದೇನೆ. ಉಳಿದೆಲ್ಲವೂ ಅದರ ನಂತರ.

ಕಳೆದುಹೋದದ್ದು ಏನೆಂದು ತಿಳಿದರೆ ಪಾದದಿಂದ ಏನನ್ನು ನಿರೀಕ್ಷಿಸಬೇಕೆಂಬುದೂ ತಿಳಿಯುತ್ತದೆ. ಸಹಜ ಕಾಲಿನಲ್ಲಿ ಮೀನಖಂಡದ ಸ್ನಾಯು ಹೆಜ್ಜೆಯ ಕೊನೆಯಲ್ಲಿ ನೆಲವನ್ನು ಹಿಂದಕ್ಕೆ ಒತ್ತಿ ದೇಹವನ್ನು ಮುಂದಕ್ಕೆ ದೂಡುತ್ತದೆ. ನಡಿಗೆಗೆ ಬೇಕಾದ ಶಕ್ತಿಯ ದೊಡ್ಡ ಪಾಲು ಬರುವುದು ಅಲ್ಲಿಂದಲೇ. ಪಾದದ ಕೀಲು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ವಾಲಿ, ಕಾಲು ಇಟ್ಟ ಮೇಲೂ ಸಮತೋಲನವನ್ನು ತಿದ್ದುತ್ತಿರುತ್ತದೆ. ಅಂಗಾಲಿನ ಚರ್ಮವು ನೆಲ ಜಾರುತ್ತಿದೆಯೇ, ಇಳಿಜಾರಿದೆಯೇ, ಕಲ್ಲಿದೆಯೇ ಎಂಬುದನ್ನು ಕ್ಷಣದೊಳಗೆ ತಿಳಿಸುತ್ತದೆ. ಕೃತಕ ಕಾಲು ಧರಿಸಿದವರಿಗೆ ಈ ಮೂರೂ ಇಲ್ಲ. ಹೆಜ್ಜೆಯನ್ನು ತಪ್ಪಾದ ಜಾಗದಲ್ಲಿ ಊರಿದರೆ ಅದನ್ನು ಸರಿಪಡಿಸಬೇಕಾದದ್ದು ಮೊಣಕಾಲು ಮತ್ತು ಸೊಂಟ; ಅದೂ ಬಹುಮಟ್ಟಿಗೆ ಮುಂದಿನ ಹೆಜ್ಜೆಯನ್ನು ಎಲ್ಲಿ ಇಡಬೇಕೆಂದು ಬದಲಿಸುವುದರ ಮೂಲಕ. ಹೀಗೆ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯ ತಪ್ಪನ್ನು ತಿದ್ದುವ ಕೆಲಸವನ್ನೂ ಹೊತ್ತಿರುವುದರಿಂದ, ಹೆಜ್ಜೆಯಿಂದ ಹೆಜ್ಜೆಗೆ ಏರುಪೇರು ಹೆಚ್ಚಾಗುತ್ತದೆ.

ಏರುಪೇರು ಮತ್ತು ಅಂಚು: ಎರಡು ಬೇರೆ ಅಳತೆಗಳು

ಒಂದು ಕಾಲಿನ ಹಿಮ್ಮಡಿ ನೆಲ ಮುಟ್ಟಿದ ಕ್ಷಣದಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗಿನ ಅವಧಿಯನ್ನು ಇಲ್ಲಿ ಜೋಡಿಹೆಜ್ಜೆಯ ಅವಧಿ ಎಂದು ಕರೆಯುತ್ತೇನೆ. ಆರೋಗ್ಯವಂತ ಯುವಕರಲ್ಲಿ ಈ ಅವಧಿ ಸರಾಸರಿಗಿಂತ ಶೇ. 1ರಿಂದ 3ರಷ್ಟು ಮಾತ್ರ ಆಚೀಚೆ ಆಗುತ್ತದೆ. ಈ ಅಲ್ಪ ಏರುಪೇರು ಹೆಚ್ಚಾದಾಗ ಬೀಳುವ ಅಪಾಯವೂ ಹೆಚ್ಚುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರ ಸಿಕ್ಕಿದ್ದು ವೃದ್ಧರ ಅಧ್ಯಯನಗಳಲ್ಲಿ. 2001ರಲ್ಲಿ ಜೆಫ್ರಿ ಹೌಸ್‌ಡಾರ್ಫ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಮುಂದಿನ ಒಂದು ವರ್ಷದಲ್ಲಿ ಬಿದ್ದ ವೃದ್ಧರ ಜೋಡಿಹೆಜ್ಜೆಯ ಅವಧಿಯ ಏರುಪೇರು ಸರಾಸರಿ 106 ಮಿಲಿಸೆಕೆಂಡ್ ಇತ್ತು. ಬೀಳದವರಲ್ಲಿ ಅದು 49 ಮಿಲಿಸೆಕೆಂಡ್. ಗಮನಿಸಬೇಕಾದ ಅಂಶವೆಂದರೆ ಈ ಅಳತೆಯನ್ನು ಅವರು ಬೀಳುವುದಕ್ಕೆ ಮೊದಲೇ ತೆಗೆದುಕೊಳ್ಳಲಾಗಿತ್ತು. ಕೃತಕ ಕಾಲು ಧರಿಸಿದವರಿಗೆ ಇದೇ ಅಂಕಿಗಳನ್ನು ಗಡಿಯಾಗಿ ಹಚ್ಚುವುದು ಸರಿಯಲ್ಲ, ಆದರೆ ಅಳೆಯುವ ವಿಧಾನ ಇಬ್ಬರಿಗೂ ಒಂದೇ.

ಏರುಪೇರು ಕಡಿಮೆಯಾದಷ್ಟೂ ಒಳ್ಳೆಯದು ಎಂದು ನೇರವಾಗಿ ಹೇಳಲಾಗುವುದಿಲ್ಲ. ಎರಡು ಪಾದಗಳ ನಡುವಿನ ಅಡ್ಡ ಅಂತರವನ್ನು, ಅಂದರೆ ಹೆಜ್ಜೆಯ ಅಗಲವನ್ನು ತೆಗೆದುಕೊಳ್ಳಿ. ಸಾಕಷ್ಟು ವೇಗವಾಗಿ ನಡೆಯಬಲ್ಲ ವೃದ್ಧರಲ್ಲಿ, ಹೆಜ್ಜೆಯ ಅಗಲದ ಏರುಪೇರು ತೀರ ಹೆಚ್ಚಿದ್ದವರೂ ತೀರ ಕಡಿಮೆಯಿದ್ದವರೂ ಹೆಚ್ಚಾಗಿ ಬಿದ್ದವರಾಗಿದ್ದರು ಎಂದು 2005ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಕಾರಣ ಊಹಿಸುವುದು ಕಷ್ಟವಲ್ಲ. ಅಗಲವನ್ನು ಬೇಕಾದಾಗ ಹಿಗ್ಗಿಸಿ ಕುಗ್ಗಿಸುವುದೇ ಬದಿಗೆ ಬೀಳದಂತೆ ದೇಹ ಬಳಸುವ ಮುಖ್ಯ ಉಪಾಯ. ಬಿಗಿದುಕೊಂಡು ಒಂದೇ ಅಗಲದಲ್ಲಿ ನಡೆಯುವವರು ಆ ಉಪಾಯವನ್ನು ಕೈಬಿಟ್ಟಿರುತ್ತಾರೆ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಜೋಡಿಹೆಜ್ಜೆಯ ಅವಧಿಯಲ್ಲಿ ಏರುಪೇರು ಇಳಿಯುವುದನ್ನು ಸುಧಾರಣೆ ಎಂದು ಎಣಿಸಬಹುದು; ಅಗಲದ ಏರುಪೇರನ್ನು ಮಾತ್ರ ಇತರ ಅಳತೆಗಳ ಜೊತೆಗಿಟ್ಟೇ ಅರ್ಥಮಾಡಿಕೊಳ್ಳಬೇಕು.

ಎರಡನೆಯ ಅಳತೆ ಸ್ಥಿರತೆಯ ಅಂಚು. ನೆದರ್ಲೆಂಡ್ಸ್‌ನ ಆಟ್ ಹಾಫ್ 2005ರಲ್ಲಿ ಇದನ್ನು ರೂಪಿಸಿದರು. ನಿಂತಿರುವವರ ದೇಹದ ಭಾರ ಪಾದಗಳ ನಡುವೆ ಬಿದ್ದರೆ ಸಾಕು, ಅವರು ಬೀಳುವುದಿಲ್ಲ. ನಡೆಯುವವರ ವಿಷಯ ಬೇರೆ, ಏಕೆಂದರೆ ದೇಹ ಎಲ್ಲಿದೆ ಎಂಬುದರ ಜೊತೆಗೆ ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾಲಿನ ಉದ್ದ ಸುಮಾರು 90 ಸೆಂಟಿಮೀಟರ್ ಇರುವವರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನಡೆಯುತ್ತಿದ್ದರೆ, ಸಮತೋಲನದ ಲೆಕ್ಕದಲ್ಲಿ ಅವರ ದೇಹ ತಾನಿರುವ ಜಾಗಕ್ಕಿಂತ ಸುಮಾರು 30 ಸೆಂಟಿಮೀಟರ್ ಮುಂದಿದೆ. ಬದಿಗೆ ಇರುವ ವೇಗ ಸೆಕೆಂಡಿಗೆ 10 ಸೆಂಟಿಮೀಟರ್ ಆದರೆ ಸರಿಯುವುದು ಸುಮಾರು 3 ಸೆಂಟಿಮೀಟರ್. ಈ ಲೆಕ್ಕದ ಬಿಂದುವಿಗೂ ಊರಿದ ಪಾದದ ಅಂಚಿಗೂ ನಡುವೆ ಉಳಿಯುವ ಜಾಗವೇ ಸ್ಥಿರತೆಯ ಅಂಚು. ಬದಿಯಲ್ಲಿ ಈ ಅಂಚು ಕೆಲವೇ ಸೆಂಟಿಮೀಟರ್‌ಗಳಷ್ಟಿರುವುದರಿಂದ, ಕೃತಕ ಕಾಲು ಧರಿಸಿದವರು ಹೆಜ್ಜೆಯನ್ನು ಅಗಲ ಮಾಡಿ ನಡೆಯುವುದು ಅವರ ದೇಹ ತಾನಾಗಿ ಕಂಡುಕೊಂಡ ರಕ್ಷಣೆ.

ಇದೇ ಲೆಕ್ಕದಿಂದ, ನಮ್ಮ ತರಬೇತಿ ಕೊಠಡಿಗಳಲ್ಲಿ ಬೇರೂರಿರುವ ಒಂದು ನಂಬಿಕೆಯನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ. ಎರಡೂ ಕಾಲಿನ ಹೆಜ್ಜೆ ಸಮವಾಗಿರಬೇಕು, ಕುಂಟು ಕಾಣಬಾರದು ಎಂಬುದು ಆ ನಂಬಿಕೆ. ಆದರೆ ಕೃತಕ ಪಾದವು ಹಿಂದಿನಿಂದ ದೇಹವನ್ನು ಸಾಕಷ್ಟು ದೂಡುವುದಿಲ್ಲವಾದ್ದರಿಂದ, ಸ್ವಂತ ಕಾಲನ್ನು ದೂರಕ್ಕೆ ಇಟ್ಟರೆ ದೇಹಕ್ಕೆ ಅದರ ಮೇಲೆ ಹತ್ತಿಬರುವಷ್ಟು ವೇಗವಿರದೆ ಹಿಂದಕ್ಕೆ ಬೀಳುವ ಸಂಭವವಿದೆ. ಆಗ ಸ್ವಂತ ಕಾಲಿನ ಹೆಜ್ಜೆಯನ್ನು ಗಿಡ್ಡಮಾಡಿಕೊಂಡರೆ ಹಿಂಬದಿಯ ಅಂಚು, ಅಂದರೆ ಹಿಂದಕ್ಕೆ ಬೀಳದಂತೆ ಕಾಯುವ ಅಂಚು, ಉಳಿಯುತ್ತದೆ. ಹೀಗಿರುವುದರಿಂದ ಈ ಅಸಮ ಹೆಜ್ಜೆಗೆ ಒಂದು ಉಪಯೋಗ ಇರಬಹುದು ಎಂದು ಲಾರಾ ಹಾಕ್ ಮತ್ತು ಸಂಗಡಿಗರು 2014ರಲ್ಲಿ ವಾದಿಸಿದರು. ಪಾದವನ್ನು ಬದಲಿಸದೆ, ಸೊಂಟಕ್ಕೆ ಬಲ ತುಂಬದೆ, ಹೆಜ್ಜೆಯನ್ನು ಮಾತ್ರ ಸಮ ಮಾಡಿ ಎಂದು ಒತ್ತಾಯಿಸುವ ತರಬೇತಿಯನ್ನು ನಾನು ಒಪ್ಪುವುದಿಲ್ಲ.

ಪಾದಕ್ಕಿಂತ ಮೊದಲು ಸಾಕೆಟ್

ಪಾದಗಳನ್ನು ಹೋಲಿಸುವ ಮೊದಲು ಸಾಕೆಟ್, ಅಂದರೆ ಉಳಿದ ಕಾಲನ್ನು ಇಳಿಬಿಡುವ ಬಟ್ಟಲಿನಂಥ ಭಾಗ, ಸರಿಯಿದೆಯೇ ಎಂದು ನೋಡಲೇಬೇಕು, ಏಕೆಂದರೆ ಸಡಿಲ ಸಾಕೆಟ್‌ನ ಮೇಲೆ ಎಂಥ ಉತ್ತಮ ಪಾದ ಜೋಡಿಸಿದರೂ ಹೆಜ್ಜೆ ತೂರಾಡುತ್ತದೆ. ಸ್ಟಂಪಿನ, ಅಂದರೆ ಕತ್ತರಿಸಿದ ಮೇಲೆ ಉಳಿದ ಕಾಲಿನ ತುದಿಯ, ಗಾತ್ರ ದಿನವಿಡೀ ಒಂದೇ ಆಗಿರುವುದಿಲ್ಲ. ನಡೆದಷ್ಟೂ ಒಳಗಿನ ದ್ರವ ಹಿಂಡಿಹೋಗಿ ಅದು ಕುಗ್ಗುತ್ತದೆ, ಸಂಜೆಯ ವೇಳೆಗೆ ಸಾಕೆಟ್ಟಿನೊಳಗೆ ಕಾಲು ಮೇಲೆ ಕೆಳಗೆ ಜಾರತೊಡಗುತ್ತದೆ. ಕಾಲ್ಚೀಲದ ಪದರ ಹೆಚ್ಚಿಸಿ ಸರಿಮಾಡಿಕೊಳ್ಳುವುದು ಹಳೆಯ, ಅಗ್ಗದ, ಇಂದಿಗೂ ಕೆಲಸಕ್ಕೆ ಬರುವ ಉಪಾಯ. ಸಾದಾ ಹೀರುಹಿಡಿತದ ಸಾಕೆಟ್ಟಿನಲ್ಲಿ ನಡೆದ ನಂತರ ಸ್ಟಂಪಿನ ಗಾತ್ರ ಸರಾಸರಿ ಶೇ. 6.5ರಷ್ಟು ಕುಗ್ಗಿತೆಂದೂ, ಪಂಪಿನಿಂದ ಗಾಳಿ ತೆಗೆಯುವ ನಿರ್ವಾತ ಸಾಕೆಟ್ಟಿನಲ್ಲಿ ಶೇ. 3.7ರಷ್ಟು ಹಿಗ್ಗಿತೆಂದೂ 2001ರ ಅಧ್ಯಯನವೊಂದು ಅಳೆದಿತ್ತು. ನಿರ್ವಾತ ಸಾಕೆಟ್ ದುಬಾರಿ, ಅದರ ಲೈನರ್ (ಸ್ಟಂಪಿಗೆ ತೊಡುವ ಮೆತ್ತನೆಯ ಒಳಹೊದಿಕೆ) ಮತ್ತು ಮೊಣಕಾಲಿನ ಮೇಲೆ ಎಳೆದುಕೊಳ್ಳುವ ಹೊರಹೊದಿಕೆಗಳನ್ನು ಆಗಾಗ ಬದಲಿಸಬೇಕು, ಬೆವರಿನ ಊರುಗಳಲ್ಲಿ ಚರ್ಮದ ಕಾಳಜಿ ಇನ್ನೂ ಹೆಚ್ಚು ಬೇಕು. ಹಣ ಸೀಮಿತವಾಗಿದ್ದು, ದುಬಾರಿ ಪಾದ ಮತ್ತು ಒಳ್ಳೆಯ ಸಾಕೆಟ್ ಇವೆರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ, ಸಾಕೆಟ್ ಮತ್ತು ಲೈನರ್‌ಗೆ ಹಣ ಹಾಕಿ, ಸಾದಾ ಪಾದವನ್ನೇ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಪಾದಗಳ ಹೋಲಿಕೆ

ಸ್ಯಾಚ್ ಪಾದ 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ರೂಪುಗೊಂಡಿತು. ನಡುವೆ ಮರದ ಗಟ್ಟಿ ತುಂಡು, ಹಿಮ್ಮಡಿಯಲ್ಲಿ ಮೆತ್ತನೆಯ ಫೋಮ್. ಕೀಲು ಇಲ್ಲ, ಚಲಿಸುವ ಭಾಗವಿಲ್ಲ. ಹಿಮ್ಮಡಿ ನೆಲಕ್ಕೆ ಬಡಿದಾಗ ಫೋಮ್ ಅದುಮಿಕೊಂಡು ಆಘಾತವನ್ನು ನುಂಗುತ್ತದೆ, ಆಮೇಲೆ ದೇಹ ಮರದ ತುಂಡಿನ ಮೇಲೆ ಉರುಳಿ ಮುಂದೆ ಹೋಗುತ್ತದೆ. ಸಮತಟ್ಟಾದ ನೆಲದ ಮೇಲೆ ನಿಧಾನವಾಗಿ ನಡೆಯುವವರಿಗೆ ಇದು ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಿರುವ ಪಾದ. ಮನೆಯೊಳಗೆ, ಆಸ್ಪತ್ರೆಯ ಪಡಸಾಲೆಯಲ್ಲಿ ಓಡಾಡುವ ವಯಸ್ಸಾದವರಿಗೆ ಈ ಗುಣ ಬಹಳ ಮುಖ್ಯ. ಇದರ ಕೊರತೆಗಳೂ ಸ್ಪಷ್ಟ. ಬದಿಗೆ ವಾಲುವುದಿಲ್ಲವಾದ್ದರಿಂದ ಒಂದು ಕಲ್ಲಿನ ಮೇಲೆ ಇಟ್ಟರೆ ಇಡೀ ಕಾಲು ವಾಲಿ ಮೊಣಕಾಲಿಗೆ ತಿರುಚು ಬೀಳುತ್ತದೆ. ಕುಕ್ಕರಗಾಲಿನಲ್ಲಿ ಕೂರಲು ಬಿಡುವುದಿಲ್ಲ. ನೀರಿನಲ್ಲಿ ನೆನೆದರೆ ಫೋಮ್ ಕೆಡುತ್ತದೆ, ಬೂಟು ಬೇಕೇಬೇಕು. ಹಿಮ್ಮಡಿಯ ಫೋಮ್ ಧರಿಸುವವರ ತೂಕಕ್ಕೆ ಹೊಂದಬೇಕು: ತೀರ ಗಟ್ಟಿಯಾದರೆ ಹೆಜ್ಜೆಯಿಟ್ಟೊಡನೆ ಮೊಣಕಾಲು ಮುಂದಕ್ಕೆ ಜಗ್ಗುತ್ತದೆ, ತೀರ ಮೆತ್ತಗಾದರೆ ಹಿಮ್ಮಡಿ ಕುಸಿದು ಮೊಣಕಾಲು ಹಿಂದಕ್ಕೆ ಸೆಟೆಯುತ್ತದೆ.

ಜೈಪುರ ಪಾದದ ಕಥೆ ಬೇರೆ. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ 1968ರಲ್ಲಿ ಮೂಳೆತಜ್ಞ ಪ್ರಮೋದ್ ಕರಣ್ ಸೇಠಿ ಮತ್ತು ಕುಶಲಕರ್ಮಿ ರಾಮ್ ಚಂದರ್ ಶರ್ಮಾ ಸೇರಿ ಇದನ್ನು ರೂಪಿಸಿದ್ದೇ, ಬೂಟಿಗೆ ತಕ್ಕಂತೆ ಮಾಡಿದ ಪಶ್ಚಿಮದ ಪಾದ ನೆಲದ ಮೇಲೆ ಕೂರುವ, ಬರಿಗಾಲಲ್ಲಿ ಗದ್ದೆಗಿಳಿಯುವ ಜನರಿಗೆ ಒಗ್ಗಲಿಲ್ಲವಾದ್ದರಿಂದ. ಮುಂಗಾಲಿಗೂ ಹಿಮ್ಮಡಿಗೂ ಹಗುರ ರಬ್ಬರಿನ ತುಂಡುಗಳು, ಕೀಲಿನ ಜಾಗಕ್ಕೆ ಮರ, ಇವೆಲ್ಲವನ್ನು ಟೈರಿನ ನೂಲುಪದರ ಮತ್ತು ರಬ್ಬರಿನಿಂದ ಸುತ್ತಿ ಅಚ್ಚಿನಲ್ಲಿ ಬೇಯಿಸಿದರೆ ಬೆರಳಿರುವ ಪಾದ ಸಿದ್ಧವಾಗುತ್ತದೆ. 1975ರಲ್ಲಿ ಡಿ. ಆರ್. ಮೆಹ್ತಾ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಉಚಿತವಾಗಿ ಜೋಡಿಸುತ್ತ ಬಂದಿದೆ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸ್ಥಿರತೆಯ ದೃಷ್ಟಿಯಿಂದ ಇದರ ದೊಡ್ಡ ಗುಣ, ರಬ್ಬರು ಎಲ್ಲ ದಿಕ್ಕಿಗೂ ಬಾಗಿ ನೆಲದ ಉಬ್ಬುತಗ್ಗಿಗೆ ಹೊಂದಿಕೊಳ್ಳುವುದು. ಕೆಸರು ಗದ್ದೆ, ಬದು, ಅಡಿಕೆ ತೋಟದ ಕಾಲುದಾರಿ, ತೊಯ್ದ ಬಚ್ಚಲು ಇವೆಲ್ಲ ದಿನದ ಓಡಾಟದ ಭಾಗವಾಗಿರುವವರಿಗೆ ಈ ಹೊಂದಾಣಿಕೆಗೆ ಸಮನಾದದ್ದು ಅಗ್ಗದಲ್ಲಿ ಇನ್ನೊಂದಿಲ್ಲ.

ಸ್ಯಾಚ್, ಸಿಯಾಟಲ್ (ಅಮೆರಿಕದ ಇನ್ನೊಂದು ಬಗೆಯ ಪಾದ) ಮತ್ತು ಜೈಪುರ ಪಾದಗಳನ್ನು ನೆಲದಿಂದ ಮರಳುವ ಬಲದ ಅಳತೆಯಿಂದ ಹೋಲಿಸಿದ 1995ರ ಒಂದು ಅಧ್ಯಯನ, ಆಘಾತ ನುಂಗುವುದರಲ್ಲಿ ಸ್ಯಾಚ್ ಮೇಲು, ಸಹಜ ಪಾದಕ್ಕೆ ಹೆಚ್ಚು ಹತ್ತಿರವಾದದ್ದು ಜೈಪುರ ಎಂದು ಕಂಡುಕೊಂಡಿತು. ಅದರಲ್ಲಿ ಪಾಲ್ಗೊಂಡವರು ಬೆರಳೆಣಿಕೆಯಷ್ಟು ಜನ ಮಾತ್ರವಾದ್ದರಿಂದ ಆ ತೀರ್ಮಾನವನ್ನು ಎಷ್ಟು ದೂರ ಎಳೆಯಬಹುದು ಎಂಬುದರಲ್ಲಿ ಎಚ್ಚರ ಬೇಕು. ಜೈಪುರ ಪಾದದ ಕೊರತೆಗಳಲ್ಲಿ ಮೊದಲನೆಯದು ತೂಕ. ಕಾಲಿನ ತುದಿಯಲ್ಲಿ ಸೇರಿದ ಭಾರವನ್ನು ಪ್ರತಿ ಹೆಜ್ಜೆಯಲ್ಲೂ ಬೀಸಬೇಕಾಗುವುದರಿಂದ ದೂರ ನಡೆದಾಗ ಸೊಂಟ ಸೋಲುತ್ತದೆ, ಸೋತ ಸೊಂಟದ ಹೆಜ್ಜೆಯಲ್ಲಿ ಏರುಪೇರು ಹೆಚ್ಚುತ್ತದೆ. ಎರಡನೆಯದು, ಕೈಯಿಂದ ಮಾಡಿದ ಪಾದಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಹಳೆಯದು ಸವೆದು ಹೊಸದು ಹಾಕಿಸಿಕೊಂಡಾಗ ಮತ್ತೆ ಕೆಲವು ವಾರ ಅಭ್ಯಾಸ ಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು.

ಕಾರ್ಬನ್ ಫೈಬರ್ ಪಾದವನ್ನು 1980ರ ದಶಕದಲ್ಲಿ ಬಳಕೆಗೆ ತಂದವರಲ್ಲಿ ಪ್ರಮುಖರು ಅಮೆರಿಕದ ವ್ಯಾನ್ ಫಿಲಿಪ್ಸ್. ಅವರೂ ಮೊಣಕಾಲ ಕೆಳಗೆ ಕಾಲು ಕಳೆದುಕೊಂಡವರೇ. ದೇಹದ ಭಾರ ಬಿದ್ದಾಗ ಪಾದದ ಕಾರ್ಬನ್ ಪಟ್ಟಿ ಬಾಗಿ ಶಕ್ತಿಯನ್ನು ಹಿಡಿದಿಡುತ್ತದೆ, ಹೆಜ್ಜೆಯ ಕೊನೆಯಲ್ಲಿ ಅದನ್ನು ಮರಳಿಸುತ್ತದೆ. ಮಾರುವವರು ಇದನ್ನು ವೇಗದ, ಕ್ರೀಡೆಯ ಪಾದವೆಂದು ಬಣ್ಣಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 2018ರಲ್ಲಿ ಹೌಡೈಕ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ. ಅದೇ ವ್ಯಕ್ತಿಗಳು ಸ್ಯಾಚ್ ಪಾದದಲ್ಲಿಯೂ ಶಕ್ತಿ ಮರಳಿಸುವ ಪಾದದಲ್ಲಿಯೂ ನಡೆದಾಗ, ಎರಡನೆಯದರಲ್ಲಿ ಸ್ವಂತ ಕಾಲಿನ ಹೆಜ್ಜೆ ಉದ್ದವಾಯಿತು, ಎರಡೂ ಹೆಜ್ಜೆಗಳು ಹೆಚ್ಚು ಸಮವಾದವು, ಆದರೂ ಹಿಂಬದಿಯ ಸ್ಥಿರತೆಯ ಅಂಚು ಕುಗ್ಗಲಿಲ್ಲ. ಹಿಂದಿನಿಂದ ಸಿಕ್ಕ ದೂಡುವಿಕೆ ದೇಹಕ್ಕೆ ಬೇಕಾದ ವೇಗ ಕೊಟ್ಟಿದ್ದರಿಂದಲೇ ಹೆಜ್ಜೆಯನ್ನು ಗಿಡ್ಡಮಾಡಿಕೊಳ್ಳುವ ಅಗತ್ಯ ತಗ್ಗಿತು. ಮೇಲೆ ಹೇಳಿದ ಅಸಮ ಹೆಜ್ಜೆಯ ವಾದಕ್ಕೆ ಇದು ಸರಿಯಾಗಿ ಹೊಂದುತ್ತದೆ: ಕಾರಣವನ್ನು ಸರಿಪಡಿಸಿದರೆ ಹೆಜ್ಜೆ ತಾನಾಗಿ ಸಮವಾಗುತ್ತದೆ.

ಆದರೆ ಕಾರ್ಬನ್ ಪಾದದ ಬಿರುಸನ್ನು ತೂಕ ಮತ್ತು ಚಟುವಟಿಕೆಗೆ ತಕ್ಕಂತೆ ದರ್ಜೆ ಮಾಡಿರುತ್ತಾರೆ. ದಾನವಾಗಿ ಬಂದ ಅಥವಾ ಬೇರೆಯವರು ಬಳಸಿದ ಪಾದವನ್ನು ತೂಕ ನೋಡದೆ ಹಾಕಿಕೊಂಡರೆ, ಹಗುರ ದೇಹದವರಿಗೆ ಅದು ಬಾಗುವುದೇ ಇಲ್ಲ, ಬೆಲೆಬಾಳುವ ಸ್ಯಾಚ್ ಪಾದವಾಗಿ ಉಳಿಯುತ್ತದೆ. ಆಮದಾದ ಪಾದಗಳ ಬೆಲೆ ಹೆಚ್ಚಿನ ಕುಟುಂಬಗಳ ಕೈಗೆಟಕುವುದಿಲ್ಲ. ಹೈದರಾಬಾದಿನ ಡಿಆರ್‌ಡಿಓ ಪ್ರಯೋಗಾಲಯ ಮತ್ತು ಬೀಬಿನಗರದ ಏಮ್ಸ್ ಸೇರಿ 125 ಕಿಲೋ ತೂಕದವರೆಗೆ ಪರೀಕ್ಷಿಸಿದ ಅಗ್ಗದ ಕಾರ್ಬನ್ ಪಾದವನ್ನು 2025ರ ಜುಲೈನಲ್ಲಿ ಅನಾವರಣಗೊಳಿಸಿದ್ದು ಈ ಕಾರಣಕ್ಕೆ ಸಂತೋಷದ ಸುದ್ದಿ.

ಉಳಿದ ಬಗೆಗಳನ್ನು ಚಿಕ್ಕದಾಗಿ ನೋಡೋಣ. ಹಲವು ದಿಕ್ಕಿಗೆ ವಾಲುವ ಕೀಲಿರುವ ಪಾದ ಒರಟು ನೆಲಕ್ಕೆ ಒಳ್ಳೆಯದು. ಸೊಂಟದ ಬಲ ಕಡಿಮೆಯಿರುವವರಿಗೆ ಮಾತ್ರ ಆ ವಾಲುವಿಕೆಯೇ ತೊಂದರೆಯಾಗುತ್ತದೆ. ಹೈಡ್ರಾಲಿಕ್ ಕೀಲಿನ ಪಾದವು ಹೆಜ್ಜೆ ಎತ್ತಿದಾಗ ಬೆರಳನ್ನು ಮೇಲಕ್ಕೆ ಹಿಡಿದಿರುತ್ತದೆ. ನಡೆಯುವಾಗ ಬೆರಳಿಗೂ ನೆಲಕ್ಕೂ ಇರುವ ಅತಿ ಕಡಿಮೆ ಅಂತರ ಸಹಜ ಕಾಲಿನಲ್ಲೂ ಒಂದೆರಡು ಸೆಂಟಿಮೀಟರ್ ಮಾತ್ರವಾದ್ದರಿಂದ, ಎಡವಿ ಬೀಳುವವರಿಗೆ ಈ ಗುಣ ನಿಜವಾದ ಲಾಭ. ಮೋಟಾರಿನಿಂದ ದೂಡುವ ಪಾದ ನಡಿಗೆಗೆ ತಗಲುವ ಶಕ್ತಿಯನ್ನು ಇಳಿಸುತ್ತದೆ ಎಂದು ಹ್ಯೂ ಹರ್ ಮತ್ತು ಅಲೀನಾ ಗ್ರಾಬೋವ್‌ಸ್ಕಿ 2012ರಲ್ಲಿ ತೋರಿಸಿದರು. ಅದರ ಬೆಲೆ, ತೂಕ, ಬ್ಯಾಟರಿ ಮತ್ತು ದುರಸ್ತಿಯ ವಿಚಾರ ಗಮನಿಸಿದರೆ ಇಲ್ಲಿ ಹೆಚ್ಚಿನವರ ಮುಂದೆ ಅದು ಆಯ್ಕೆಯಾಗಿ ಬರುವುದೇ ಇಲ್ಲ.

ನಮ್ಮ ಮನೆಗಳಿಗೆ ಸಂಬಂಧಿಸಿದ, ಆದರೆ ಕಂಪನಿಗಳ ಕೈಪಿಡಿಗಳಲ್ಲಿ ಬದಿಗೆ ಸರಿದುಹೋಗುವ ಒಂದು ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಸ್ಯಾಚ್ ಮತ್ತು ಹೆಚ್ಚಿನ ಕಾರ್ಬನ್ ಪಾದಗಳನ್ನು ಇಂತಿಷ್ಟು ಹಿಮ್ಮಡಿ ಎತ್ತರದ ಬೂಟಿಗೆಂದು ಹೊಂದಿಸಿರುತ್ತಾರೆ. ಹಿಮ್ಮಡಿ 1 ಸೆಂಟಿಮೀಟರ್ ಎತ್ತರವಿರುವ ಬೂಟಿಗೆ ಹೊಂದಿಸಿದ ಕಾಲಿನಲ್ಲಿ, ಹೊಸ್ತಿಲ ಹೊರಗೆ ಬೂಟು ಕಳಚಿ ಒಳಗೆ ಬಂದ ತಕ್ಷಣ ಹಿಮ್ಮಡಿ ಕೆಳಗಿಳಿದು ಇಡೀ ಕಾಲು ಹಿಂದಕ್ಕೆ ವಾಲುತ್ತದೆ, ಮೊಣಕಾಲು ಸೆಟೆಯುತ್ತದೆ, ಸಮತಟ್ಟಾದ ನೆಲದಲ್ಲೇ ಏರು ಹತ್ತುತ್ತಿರುವಂತೆ ಅನ್ನಿಸುತ್ತದೆ. ಹೊಂದಿಸಿದ್ದಕ್ಕಿಂತ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದರೆ ಇದಕ್ಕೆ ವಿರುದ್ಧವಾಗಿ ಕಾಲು ಮುಂದಕ್ಕೆ ವಾಲಿ ಮೊಣಕಾಲು ಮಡಿಚಿಕೊಳ್ಳುವಂತಾಗುತ್ತದೆ. ದಿನದ ಅರ್ಧ ಭಾಗ ಬರಿಗಾಲಲ್ಲಿ ಕಳೆಯುವವರು ಅದನ್ನು ಅಳತೆ ಕೊಡುವ ದಿನವೇ ಕೃತಕ ಕಾಲು ಮಾಡಿಕೊಡುವ ತಜ್ಞರಾದ ಪ್ರಾಸ್ಥೆಟಿಸ್ಟ್‌ಗೆ ತಿಳಿಸಬೇಕು. ಮನೆಯೊಳಗೆ ಅದೇ ಎತ್ತರದ, ತೊಳೆದಿಟ್ಟ ಬೇರೊಂದು ಜೊತೆ ಪಾದರಕ್ಷೆ ಇಟ್ಟುಕೊಳ್ಳುವುದು ಒಂದು ದಾರಿ. ಬರಿಗಾಲಿಗೆಂದೇ ಮಾಡಿದ ಜೈಪುರ ಪಾದವನ್ನು ಆರಿಸುವುದು ಇನ್ನೊಂದು.

ಎರಡು ಪಾದಗಳನ್ನು ನೀವೇ ಅಳೆದು ನೋಡುವ ಬಗೆ

ಕೇಂದ್ರದಲ್ಲಿ ಎರಡು ಪಾದಗಳನ್ನು ಪ್ರಯೋಗಕ್ಕೆ ಕೊಟ್ಟರೆ, ಹತ್ತು ಹೆಜ್ಜೆ ನಡೆದು ಹಿತವೆನಿಸಿದ್ದನ್ನು ಒಪ್ಪಿಕೊಂಡುಬಿಡುವುದು ಸಾಮಾನ್ಯ. ಹೊಸ ಪಾದಕ್ಕೆ ದೇಹ ಒಗ್ಗಲು ವಾರಗಳೇ ಬೇಕಾದ್ದರಿಂದ ಆ ಹತ್ತು ಹೆಜ್ಜೆಗಳು ಹೇಳುವುದು ಬಹಳ ಕಡಿಮೆ. ಸಾಧ್ಯವಿದ್ದರೆ ಪ್ರತಿ ಪಾದವನ್ನೂ ಕೆಲವು ವಾರ ಧರಿಸಿ, ನಂತರ ಅಳೆಯಿರಿ. 20 ಮೀಟರ್ ಸಮತಟ್ಟಾದ ಜಾಗ, ಬದಿಯಲ್ಲಿ ಒಬ್ಬರು ಜೊತೆಗಾರರು, ಒಂದು ಮೊಬೈಲ್ ಫೋನು ಸಾಕು. ಮೊದಲ ಮತ್ತು ಕೊನೆಯ 3 ಮೀಟರ್‌ಗಳನ್ನು ಬಿಟ್ಟು ನಡುವಿನ 14 ಮೀಟರ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಜೋಡಿಹೆಜ್ಜೆ 1.2 ಮೀಟರ್ ಇದ್ದರೆ ಒಂದು ಸಲಕ್ಕೆ 11 ಸಿಗುತ್ತವೆ. ಐದು ಸಲ ನಡೆದರೆ 55. ಐವತ್ತಕ್ಕಿಂತ ಕಡಿಮೆ ಜೋಡಿಹೆಜ್ಜೆಗಳಿಂದ ತೆಗೆದ ಏರುಪೇರಿನ ಅಂಕಿಯನ್ನು ನಂಬುವುದು ಕಷ್ಟ.

ಫೋನಿನಲ್ಲಿ ಸಾದಾ ವಿಡಿಯೋ ತೆಗೆಯಬೇಡಿ. ಅದು ಸೆಕೆಂಡಿಗೆ 30 ಚಿತ್ರ ಹಿಡಿಯುವುದರಿಂದ ಒಂದು ಚಿತ್ರಕ್ಕೂ ಇನ್ನೊಂದಕ್ಕೂ 33 ಮಿಲಿಸೆಕೆಂಡ್ ಅಂತರವಿರುತ್ತದೆ. ಸ್ಥಿರವಾಗಿ ನಡೆಯುವವರ ಏರುಪೇರು ಅದಕ್ಕಿಂತ ಕಡಿಮೆ ಇರಬಹುದು, ಅಂದರೆ ಅಳೆಯಬೇಕಾದ ವಸ್ತುವಿಗಿಂತ ಅಳತೆಕೋಲಿನ ಗೆರೆಗಳೇ ದೂರ ದೂರವಿದ್ದಂತೆ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ಹಿಡಿದರೆ ಅಂತರ ಸುಮಾರು 4 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಕೃತಕ ಪಾದದ ಹಿಮ್ಮಡಿ ನೆಲ ಮುಟ್ಟಿದ ಕ್ಷಣಗಳನ್ನು ಬರೆದುಕೊಂಡು, ಅವಧಿಗಳ ಸರಾಸರಿ ಮತ್ತು ಮಾನಕ ವಿಚಲನೆಯನ್ನು (ಸ್ಟ್ಯಾಂಡರ್ಡ್ ಡೀವಿಯೇಶನ್) ಯಾವುದೇ ಸ್ಪ್ರೆಡ್‌ಶೀಟ್‌ನಲ್ಲಿ ತೆಗೆಯಬಹುದು. ವಿಚಲನೆಯನ್ನು ಸರಾಸರಿಯಿಂದ ಭಾಗಿಸಿದರೆ ಏರುಪೇರಿನ ಶೇಕಡಾ ಸಿಗುತ್ತದೆ: ಸರಾಸರಿ 1.25 ಸೆಕೆಂಡ್ ಇದ್ದು ವಿಚಲನೆ 0.05 ಸೆಕೆಂಡ್ ಆದರೆ ಏರುಪೇರು ಶೇ. 4, ವಿಚಲನೆ 0.03 ಆದರೆ ಶೇ. 2.4. ಎರಡೂ ಪಾದಗಳಲ್ಲಿ ನಡೆದ ವೇಗ ಹೆಚ್ಚುಕಡಿಮೆ ಒಂದೇ ಇರಬೇಕು, ಏಕೆಂದರೆ ನಿಧಾನವಾಗಿ ನಡೆದರೆ ಪಾದ ಯಾವುದಾದರೂ ಏರುಪೇರು ಹೆಚ್ಚುತ್ತದೆ. ಹೆಜ್ಜೆಯ ಅಗಲ ನೋಡಬೇಕಾದರೆ ಗುಡಿಸಿದ ಮಣ್ಣಿನ ಅಂಗಳದಲ್ಲಿ ನಡೆದು, ಒಂದು ಕಾಲಿನ ಎರಡು ಹಿಮ್ಮಡಿ ಗುರುತುಗಳ ನಡುವೆ ದಾರ ಹಿಡಿದು, ಇನ್ನೊಂದು ಕಾಲಿನ ಗುರುತು ಅದರಿಂದ ಎಷ್ಟು ದೂರವಿದೆ ಎಂದು ಟೇಪಿನಿಂದ ಅಳೆಯಬಹುದು. ಇದೇ ಅಳತೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಿ. ಪಾದ ಅದೇ ಆಗಿದ್ದು ಸಂಜೆಯ ಏರುಪೇರು ಮಾತ್ರ ಹೆಚ್ಚಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಸಾಕೆಟ್ಟನ್ನು ಅಥವಾ ದಣಿವನ್ನು.

ಇಷ್ಟು ಲೆಕ್ಕ ಮಾಡಲಾಗದವರಿಗೆ ಫಿಸಿಯೋಥೆರಪಿಸ್ಟ್ ಮಾಡುವ ಎರಡು ಸರಳ ಪರೀಕ್ಷೆಗಳಿವೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು ಒಂದು. ನೆಲದ ಮೇಲೆ ಕೋಲುಗಳಿಂದ ಮಾಡಿದ ನಾಲ್ಕು ಚೌಕಗಳಲ್ಲಿ ಮುಂದೆ, ಬದಿಗೆ, ಹಿಂದೆ ದಾಟುತ್ತ ಸುತ್ತುವುದು ಇನ್ನೊಂದು. ಮೊಣಕಾಲ ಕೆಳಗೆ ಕಾಲು ಕಳೆದುಕೊಂಡವರ ಮೇಲೆ ನಡೆದ 2007ರ ಅಧ್ಯಯನದಲ್ಲಿ, ಮೊದಲನೆಯದಕ್ಕೆ 19 ಸೆಕೆಂಡ್ ಅಥವಾ ಹೆಚ್ಚು, ಎರಡನೆಯದಕ್ಕೆ 24 ಸೆಕೆಂಡ್ ಅಥವಾ ಹೆಚ್ಚು ತೆಗೆದುಕೊಂಡವರು ಮತ್ತೆ ಮತ್ತೆ ಬೀಳುವ ಅಪಾಯದಲ್ಲಿದ್ದರು. ಹಿಂದಕ್ಕೂ ಬದಿಗೂ ಹೆಜ್ಜೆಯಿಡುವುದನ್ನು ಒಳಗೊಂಡಿರುವುದರಿಂದ ಚೌಕಗಳ ಪರೀಕ್ಷೆ ಅಡುಗೆಮನೆ, ಬಚ್ಚಲು, ಬಸ್ಸಿನೊಳಗಿನ ಓಡಾಟಕ್ಕೆ ಹೆಚ್ಚು ಹತ್ತಿರವಾದದ್ದು. ಯಾರಾದರೂ ಪಕ್ಕದಲ್ಲಿ ನಿಲ್ಲದೆ ಇದನ್ನು ಮನೆಯಲ್ಲಿ ಮಾಡಬೇಡಿ.

ಯಾರಿಗೆ ಯಾವುದು

ಮಗ್ಗ, ಹೊಲ, ತೋಟಗಳ ಕೆಲಸವಿದ್ದು, ನೆಲದ ಮೇಲೆ ಕೂತು ಏಳುವವರಿಗೆ, ಮಳೆಗಾಲದಲ್ಲಿ ನೀರಿಗಿಳಿಯುವವರಿಗೆ ನಾನು ಮೊದಲು ಹೇಳುವುದು ಜೈಪುರ ಪಾದ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡ, ಇನ್ನೊಂದು ಪಾದದಲ್ಲೂ ಸ್ಪರ್ಶ ಮಂಕಾಗಿರುವ ಹಿರಿಯರಿಗೆ ವಿಷಯ ಬೇರೆ: ಅವರ ಸ್ವಂತ ಕಾಲೂ ನೆಲದ ಸುದ್ದಿಯನ್ನು ಸರಿಯಾಗಿ ತಿಳಿಸುವುದಿಲ್ಲ. ಅಂಥವರಿಗೆ ಹಗುರವಾದ, ಅಲುಗಾಡದ ಸ್ಯಾಚ್ ಪಾದ, ಮೆತ್ತನೆಯ ಲೈನರ್ ಮತ್ತು ಕೃತಕ ಕಾಲಿನ ವಿರುದ್ಧ ಬದಿಯ ಕೈಯಲ್ಲಿ ಒಂದು ಊರುಗೋಲು ಸೇರಿದರೆ ದುಬಾರಿ ಪಾದಕ್ಕಿಂತ ಹೆಚ್ಚು ರಕ್ಷಣೆ ಸಿಗುತ್ತದೆ. ಊರುಗೋಲು ಹಿಡಿಯಲು ಸಂಕೋಚಪಡುವವರು ಬಹಳ. ಅವರಿಗೆ ಮನೆಯವರು ಧೈರ್ಯ ಹೇಳಬೇಕು, ಏಕೆಂದರೆ ಬದಿಯ ಅಂಚನ್ನು ಒಂದೇಟಿಗೆ ಹಿಗ್ಗಿಸುವ ಸಾಧನ ಅದರಷ್ಟು ಸರಳವಾದದ್ದು ಬೇರೆ ಇಲ್ಲ. ದಿನಕ್ಕೆ ಹಲವು ಕಿಲೋಮೀಟರ್ ನಡೆಯುವ, ಸೊಂಟ ಮೊಣಕಾಲುಗಳಲ್ಲಿ ಬಲವಿರುವ, ಬೂಟು ಹಾಕಿ ಕೆಲಸ ಮಾಡುವ ಯುವಕರಿಗೆ ಕಾರ್ಬನ್ ಪಾದದ ಖರ್ಚು ಸಾರ್ಥಕ. ಇಳಿಜಾರಿನ ಊರಿನಲ್ಲಿದ್ದು, ಮತ್ತೆ ಮತ್ತೆ ಬೆರಳು ತಾಗಿ ಎಡವುವವರು ಹಣ ಒದಗಿದರೆ ಹೈಡ್ರಾಲಿಕ್ ಕೀಲನ್ನು ಒಮ್ಮೆ ಪ್ರಯತ್ನಿಸಬೇಕು.

ಹಣದ ವಿಚಾರಕ್ಕೆ ಬಂದರೆ, 1972ರಲ್ಲಿ ಸ್ಥಾಪನೆಯಾದ ಕಾನ್ಪುರದ ಅಲಿಮ್ಕೊ ಸಂಸ್ಥೆ ತಯಾರಿಸಿದ ಅಂಗಗಳು, ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ ಅರ್ಹರಿಗೆ ಶಿಬಿರಗಳಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲಿ 1994ರಿಂದ ಕೆಲಸ ಮಾಡುತ್ತಿರುವ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಅಂಗ ಜೋಡಣೆಯ ಜೊತೆ ನಡಿಗೆಯ ತರಬೇತಿಯನ್ನೂ ಕೊಡುತ್ತವೆ. ಶಿಬಿರದಲ್ಲಿ ಒಂದೇ ದಿನದಲ್ಲಿ ಕಾಲು ಸಿಕ್ಕವರು ಅಲ್ಲಿಗೇ ನಿಲ್ಲಿಸದೆ, ಹತ್ತಿರದ ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಿ ಕೆಲವು ವಾರ ತರಬೇತಿ ಪಡೆಯುವುದು ಅಗತ್ಯ.

ಆರಿಸಿದ ಮೇಲೂ ಅಳತೆಯ ಪುಸ್ತಕವನ್ನು ಮುಚ್ಚಿಡಬೇಡಿ. ಮೊದಲ ವರ್ಷ ಸ್ಟಂಪ್ ಬೇಗ ಬೇಗ ಕುಗ್ಗುವುದರಿಂದ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಅದೇ 14 ಮೀಟರ್ ನಡೆದು ಅಂಕಿ ಬರೆದಿಡಿ. ಏರುಪೇರು ನಿಧಾನವಾಗಿ ಏರುತ್ತಿದ್ದರೆ ಹಿಮ್ಮಡಿಯ ಫೋಮ್ ಕುಸಿದಿದೆಯೇ, ರಬ್ಬರು ಬಿರಿದಿದೆಯೇ, ಸಾಕೆಟ್ಟನ್ನೂ ಪಾದವನ್ನೂ ಜೋಡಿಸುವ ಕೊಳವೆಯ ತಿರುಪು ಸಡಿಲವಾಗಿದೆಯೇ, ಕಾಲ್ಚೀಲದ ಪದರ ಸಾಲದಾಗಿದೆಯೇ ಎಂದು ಈ ಕ್ರಮದಲ್ಲಿ ನೋಡಿ, ಆ ಪುಸ್ತಕದೊಂದಿಗೇ ಪ್ರಾಸ್ಥೆಟಿಸ್ಟ್ ಬಳಿಗೆ ಹೋಗಿ.